ಎಂಟು ಗೇಣಿನ ತಂತಿ

ತಪ್ಪಿದ್ದು ನಾನೇ ಇರಬಹುದೇ?

ಪಕ್ಕದಲ್ಲಿದ್ದ ವೋಲ್ಟ್‌ಮೀಟರ್ ಎರಡೂವರೆ ವೋಲ್ಟ್ ಎನ್ನುತ್ತಿತ್ತು. ನನ್ನ ಮುಳ್ಳು ಸೊನ್ನೆ ಬಿಂದು ನಾಲ್ಕು ಆಂಪಿಯರಿನ ಗೆರೆಯ ಮೇಲೆ ನಿಂತಿತ್ತು. ನಿಲ್ಲಬೇಕಾದದ್ದು ಸೊನ್ನೆ ಬಿಂದು ಐದರ ಮೇಲೆ. ಏಕೆಂದರೆ ನಮ್ಮಿಬ್ಬರ ನಡುವೆ ಇದ್ದ, ಒಳಗೆ ತಂತಿ ಸುತ್ತಿಟ್ಟ ಮರದ ಪೆಟ್ಟಿಗೆಯ ನೆತ್ತಿಯಲ್ಲಿ ‘೫ ಓಮ್’ ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು. ನಿನ್ನೆಯಿಂದ ಆರು ವಿದ್ಯಾರ್ಥಿಗಳು ಇದೇ ಮೇಜಿಗೆ ಬಂದು, ಇದೇ ಪ್ರಯೋಗ ಮಾಡಿ, ಆರೂ ಜನ ಐದು ಎಂದೇ ಬರೆದು ಹೋಗಿದ್ದರು. ಏಳನೆಯವಳು ಮಾತ್ರ ಪೆನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆರು ಜನರ ಮಾತು ಒಂದು ಕಡೆ, ನನ್ನ ಮುಳ್ಳು ಒಂದು ಕಡೆ. ಹಾಗಾದಾಗ ಎಂಥವನಿಗೂ ತನ್ನ ಮೇಲೆ ಅನುಮಾನ ಬರುತ್ತದೆ.

ನಾನೊಂದು ಅಮ್ಮೀಟರ್. ತಂತಿಯಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತಿದೆ ಎಂದು ತೋರಿಸುವುದು ನನ್ನ ಕೆಲಸ. ಆ ದಿನ ಏನಾಯಿತೆಂದು ಹೇಳುವ ಮೊದಲು ನಾನು ಎಲ್ಲಿಂದ ಬಂದೆ ಎಂಬುದನ್ನು ಹೇಳಬೇಕು.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ. ಕುದುರೆ ಲಾಳದಂಥ ಒಂದು ಅಯಸ್ಕಾಂತ, ಅದರ ನಡುವೆ ತಲೆಗೂದಲಿನಷ್ಟು ತೆಳುವಾದ ತಾಮ್ರದ ಸುರುಳಿ, ಎರಡು ಪುಟ್ಟ ಸ್ಪ್ರಿಂಗು, ಒಂದು ಮುಳ್ಳು. ಇಷ್ಟನ್ನೂ ಕಪ್ಪು ಡಬ್ಬಿಯಲ್ಲಿ ಕೂರಿಸಿ ಗಾಜು ಮುಚ್ಚಿದವರು ಸೆಲಿನಮ್ಮ. ಸ್ಪ್ರಿಂಗು ಇಡುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಇಟ್ಟ ಮೇಲೆ ಬಿಡುತ್ತಿದ್ದ ಆ ಉದ್ದನೆಯ ಉಸಿರೇ ನಾನು ಕೇಳಿದ ಮೊದಲ ಸದ್ದು. ಆಮೇಲೆ ನನ್ನನ್ನು ಒಂದು ದೊಡ್ಡ ಮೀಟರಿನ ಜೊತೆ ಒಂದೇ ಸಾಲಿನಲ್ಲಿ ಜೋಡಿಸಿದರು. ಒಂದೇ ಸಾಲಿನಲ್ಲಿದ್ದ ಮೇಲೆ ಇಬ್ಬರಲ್ಲೂ ಹರಿಯುವುದು ಒಂದೇ. ಅದು ಒಂದು ತೋರಿಸಿದರೆ ನಾನೂ ಒಂದು, ಅದು ಎರಡು ಎಂದರೆ ನಾನೂ ಎರಡು. ಸ್ವಿಚ್ಚು ಆರಿಸಿದಾಗ ನನ್ನ ಮುಳ್ಳು ನೆಟ್ಟಗೆ ಹಿಂದಕ್ಕೆ ಬಂದು ಸೊನ್ನೆಯ ಮೇಲೆ ನಿಂತಿತು.

“ಓಡೋದು ಯಾರ್ ಬೇಕಾದ್ರೂ ಓಡ್ತಾರೆ ಕಣೋ,” ಎಂದರು ಸೆಲಿನಮ್ಮ, ಗಾಜಿನ ಮೇಲೆ ಪುಟ್ಟ ಚೀಟಿ ಅಂಟಿಸುತ್ತ. “ವಾಪಸ್ ಸೊನ್ನೆಗೆ ಬರೋನು ಜಾಣ.”

ಅಲ್ಲಿಂದ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು, ರೈಲಿನಿಂದ ಬಸ್ಸಿನ ನೆತ್ತಿ. ಬಂದು ಇಳಿದದ್ದು ಬಾಗಲಕೋಟೆ ಸೀಮೆಯ ಒಂದು ನೇಕಾರರ ಊರಿನ ಕಾಲೇಜಿಗೆ. ಭೌತಶಾಸ್ತ್ರದ ಲ್ಯಾಬಿನ ಕಿಟಕಿಯಿಂದ ದಿನವಿಡೀ ಮಗ್ಗಗಳ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ನನ್ನ ಮುಳ್ಳು ಸಣ್ಣಗೆ ನಡುಗುತ್ತಿತ್ತು. ಅದು ಭಯಕ್ಕಲ್ಲ, ಖುಷಿಗೆ ಎಂದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಲ್ಯಾಬು ಹೆಬ್ಬಳ್ಳಿ ಸರ್ ಅವರದು. ಒಳ್ಳೆಯ ಮೇಷ್ಟರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ರೋಧ, ಅಂದರೆ ಅದು ಹರಿವಿಗೆ ಎಷ್ಟು ಓಮ್ ಅಡ್ಡಿ ಮಾಡುತ್ತದೆ ಎಂಬುದು. ಗುಣಿಸಿದರೆ ಸಾಮರ್ಥ್ಯ, ಅಂದರೆ ಅದು ಎಷ್ಟು ವಾಟ್ ಕೆಲಸ ಮಾಡುತ್ತದೆ ಎಂಬುದು. ಪ್ರತಿ ವರ್ಷ ಇದನ್ನು ಅವರು ಅದೇ ಉತ್ಸಾಹದಿಂದ ಹೇಳುತ್ತಿದ್ದರು. ಆದರೆ ಪಾಠ ಮುಗಿಸುವ ಅವಸರದಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಮುಂದಿನ ವರ್ಷದವರ ಕೈಗೆ ಬರುತ್ತಿತ್ತು. ಅದರಲ್ಲಿ ಉತ್ತರ ಐದು ಎಂದಿರುತ್ತಿತ್ತು. ಮಕ್ಕಳು ಮೊದಲು ಉತ್ತರ ಬರೆದು, ಅದಕ್ಕೆ ಹೊಂದುವಂತೆ ಆಂಪಿಯರುಗಳನ್ನು ಕೂರಿಸುತ್ತಿದ್ದರು. ನನ್ನನ್ನು ಜೋಡಿಸುತ್ತಿದ್ದರು, ಸ್ವಿಚ್ಚು ಒತ್ತುತ್ತಿದ್ದರು, ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಮೂಲೆಯಲ್ಲಿ ಕೂತ ಮುದುಕನನ್ನು ಊಟ ಆಯಿತೇ ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳದೆ ಮುಂದೆ ಹೋಗುತ್ತಾರಲ್ಲ, ಹಾಗೆ.

ನನ್ನ ಮುಖ ನೋಡುತ್ತಿದ್ದವನು ಒಬ್ಬನೇ. ಲ್ಯಾಬಿನ ಅಟೆಂಡರ್ ಹುಚ್ಚೇಶಪ್ಪ. ದಿನವೂ ಬೆಳಿಗ್ಗೆ ಹೆಗಲ ಮೇಲಿನ ವಲ್ಲಿಯಿಂದ ನನ್ನ ಗಾಜು ಒರೆಸಿ, ಬೆರಳಿನ ಗೆಣ್ಣಿನಿಂದ ಟಕ್ ಎಂದು ಬಡಿದು, “ಏನಪಾ, ಆರಾಮ?” ಎಂದು ಕೇಳುತ್ತಿದ್ದ. ಮುಳ್ಳು ಅಲುಗಿ ಸೊನ್ನೆಗೆ ಬಂದರೆ, “ಹಾಂ, ಆರಾಮ,” ಎಂದು ತಾನೇ ಉತ್ತರಿಸಿಕೊಂಡು ಮುಂದಿನ ಮೀಟರಿಗೆ ಹೋಗುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು, ಮತ್ತೆ ಕಟ್ಟಿರಲಿಲ್ಲ. ಆದರೆ ಇಪ್ಪತ್ತು ವರ್ಷ ಬಾಗಿಲ ಬಳಿ ನಿಂತು ಹೆಬ್ಬಳ್ಳಿ ಸರ್ ಪಾಠ ಕೇಳಿದ್ದ. ಮಕ್ಕಳು ಹೋದ ಮೇಲೆ ಹಲಗೆ ಒರೆಸುವ ಮೊದಲು ಅಲ್ಲಿದ್ದ ಲೆಕ್ಕವನ್ನು ತುಟಿಯಲ್ಲೇ ಮಾಡಿ ನೋಡುತ್ತಿದ್ದ. ಯಾರಾದರೂ ಬಂದರೆ ಬೇಗ ಒರೆಸಿಬಿಡುತ್ತಿದ್ದ.

ಪರೀಕ್ಷೆಗೆ ಎರಡು ವಾರ ಇದ್ದಾಗ, ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಹುಚ್ಚೇಶಪ್ಪ ಬಾಗಿಲು ಮುಂದೆ ಮಾಡಿ ಬಂದು ಆ ‘೫ ಓಮ್’ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಇಪ್ಪತ್ತು ವರ್ಷ ಮೇಜು ಒರೆಸಿದವನಿಗೆ ಒಂದು ಸಲ ಪ್ರಯೋಗ ತಾನೇ ಮಾಡಬೇಕೆಂಬ ಆಸೆ. ಆದರೆ ಕಡಿಮೆ ವೋಲ್ಟ್ ಕೊಡುವ ಪೆಟ್ಟಿಗೆ ಸರ್ ಅವರ ಬೀರುವಿನಲ್ಲಿತ್ತು, ಬೀಗ ಹಾಕಿತ್ತು. ಅವನು ಸುತ್ತ ನೋಡಿದ. ಗೋಡೆಯಲ್ಲಿ ಪ್ಲಗ್ಗು ಇತ್ತು. ಪೆಟ್ಟಿಗೆಯ ತಂತಿಗಳನ್ನು ಅದಕ್ಕೇ ಚುಚ್ಚಿದ.

ಪುಣ್ಯಕ್ಕೆ ನನ್ನನ್ನು ಜೋಡಿಸಿರಲಿಲ್ಲ. ಇನ್ನೂರ ಮೂವತ್ತು ವೋಲ್ಟನ್ನು ಐದು ಓಮಿನಿಂದ ಭಾಗಿಸಿದರೆ ನಲವತ್ತಾರು ಆಂಪಿಯರ್. ನಾನು ತಡೆದುಕೊಳ್ಳುವುದು ಮೂರು. ಗುಣಿಸಿದರೆ ಹತ್ತು ಸಾವಿರ ವಾಟಿಗಿಂತ ಹೆಚ್ಚು. ಒಂದು ಓಣಿಯ ನೀರು ಕಾಯಿಸುವ ಹೀಟರುಗಳೆಲ್ಲ ಒಂದೇ ಪೆಟ್ಟಿಗೆಯೊಳಗೆ ಹೊಕ್ಕ ಹಾಗೆ. ಫಟ್ ಎಂದು ಬೆಳಕು ಚಿಮ್ಮಿತು, ಫ್ಯೂಸು ಹೋಯಿತು, ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು. ಹುಚ್ಚೇಶಪ್ಪ ನೆಲದ ಮೇಲೆ ಕೂತುಬಿಟ್ಟ. ಕೈ ಸುಟ್ಟಿರಲಿಲ್ಲ. ಆದರೆ ಮುಖ ಸುಟ್ಟವನ ಹಾಗಿತ್ತು.

ಅಟೆಂಡರು ಸಾಮಾನು ಒರೆಸಬೇಕು, ಮುಟ್ಟಿ ಪ್ರಯೋಗ ಮಾಡಬಾರದು. ಅವನಿಗಿಂತ ಮೊದಲಿದ್ದವನು ಒಂದು ಮಸೂರ ಒಡೆದದ್ದಕ್ಕೆ ಕೆಲಸ ಕಳೆದುಕೊಂಡಿದ್ದ.

ಸ್ವಲ್ಪ ಹೊತ್ತಿಗೆ ಅವನು ಎದ್ದ. ಫ್ಯೂಸು ಕಟ್ಟಿದ. ಪೆಟ್ಟಿಗೆಯೊಳಗಿನ ಪಿಂಗಾಣಿ ಕೊಳವೆಯಿಂದ ತುಂಡಾದ ತಂತಿಯನ್ನು ಬಿಚ್ಚಿ ಮೇಜಿನ ಮೇಲೆ ನೇರ ಮಾಡಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಕೈ ಚಾಚಿ ಅಳೆದ. ನೇಕಾರರ ಊರಿನಲ್ಲಿ ಹುಟ್ಟಿದವನು. ಅಲ್ಲಿ ನೂಲನ್ನೂ ಬಟ್ಟೆಯನ್ನೂ ಮೊದಲು ಅಳೆಯುವುದು ಕೈಯೇ. ಎಂಟು ಗೇಣು. ಪೇಟೆಗೆ ಹೋಗಿ ಹೀಟರಿನ ತಂತಿ ತಂದು ಎಂಟು ಗೇಣು ಕತ್ತರಿಸಿ, ಅದೇ ಪಿಂಗಾಣಿ ಕೊಳವೆಗೆ ಒಂದಕ್ಕೊಂದು ತಾಗದಂತೆ, ಹೆಣ್ಣುಮಕ್ಕಳು ಜಡೆ ಹಾಕುವಷ್ಟು ಜತನದಿಂದ ಸುತ್ತಿದ. ಅಳತೆ ಮರೆಯದಿರಲೆಂದು ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ‘೮ ಗೇಣು’ ಎಂದು ಬರೆದು ಮುಚ್ಚಿದ.

ಉದ್ದ ಅದೇ ಇತ್ತು. ಆದರೆ ಹೊಸ ತಂತಿ ಹಳೆಯದಕ್ಕಿಂತ ತುಸು ತೆಳು. ಇಕ್ಕಟ್ಟಾದ ಓಣಿಯಲ್ಲಿ ಜನ ದಾಟುವುದು ಹೇಗೆ ಕಷ್ಟವೋ ಹಾಗೆ ತೆಳು ತಂತಿಯಲ್ಲಿ ವಿದ್ಯುತ್ತು ಹರಿಯುವುದೂ ಕಷ್ಟ. ಬಾಗಿಲ ಬಳಿ ನಿಂತು ಕೇಳಿದ ಇಪ್ಪತ್ತು ವರ್ಷಗಳಲ್ಲಿ ಆ ಒಂದು ಪಾಠದ ದಿನ ಹುಚ್ಚೇಶಪ್ಪನನ್ನು ಯಾರೋ ಚಹಾ ತರಲು ಕಳಿಸಿರಬೇಕು.

ಹೀಗೆ ಪರೀಕ್ಷೆ ಬಂತು. ಚೀಟಿ ಎತ್ತಿ ಪ್ರಯೋಗ ಆರಿಸಿಕೊಳ್ಳುವುದು ಕ್ರಮ. ಏಳನೆಯವಳಾಗಿ ನನ್ನ ಮುಂದೆ ನಿಂತವಳ ಹೆಸರು ಶಾಕಾಂಬರಿ. ಈ ಸಲ ಪಾಸಾದರೆ ಬಿ.ಎಸ್ಸಿ, ಇಲ್ಲದಿದ್ದರೆ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಅಪ್ಪನ ಕುಣಿ ಮಗ್ಗ ಎಂದು ಮನೆಯಲ್ಲಿ ಮಾತಾಗಿತ್ತಂತೆ. ಪಕ್ಕದ ಮೇಜಿನ ಗೆಳತಿ ಕಸ್ತೂರಿ ಪಿಸುಗುಟ್ಟಿದ್ದರಿಂದ ನನಗದು ತಿಳಿಯಿತು.

“ಏ ಶಾಕಿ, ಐದು ಬರದು ಮುಗಸ ಬೇ. ಮಗ್ಗದ ಕುಣ್ಯಾಗ ಇಳೀಬೇಕಂತ ಮಾಡೀಯೇನು?”

“ಬರವಲ್ದು ಬೇ. ಆರೂಕಾಲು ಬರಾಕತ್ತೈತಿ.”

“ಅದು ಬರೂದಲ್ಲ, ನಾವು ತರಸೂದು!”

ಶಾಕಾಂಬರಿ ನಗಲಿಲ್ಲ. ವೋಲ್ಟನ್ನು ಐದಕ್ಕೆ ಏರಿಸಿದಳು. ನಾನು ಸೊನ್ನೆ ಬಿಂದು ಎಂಟು ತೋರಿಸಿದೆ. ಭಾಗಿಸಿದಳು, ಮತ್ತೆ ಆರೂಕಾಲು. ಹತ್ತಕ್ಕೆ ಏರಿಸಿದಳು. ಒಂದು ಬಿಂದು ಆರು. ಮತ್ತೆ ಆರೂಕಾಲು. ಸ್ವಿಚ್ಚು ಆರಿಸಿದಳು. ನಾನು ಸೊನ್ನೆಗೆ ಬಂದು ನಿಂತೆ. ಅದನ್ನೂ ನೋಡಿದಳು. ಬೆರಳಿನ ಗೆಣ್ಣಿನಿಂದ ಗಾಜನ್ನು ಟಕ್ ಎಂದು ಬಡಿದಳು. ಮುಳ್ಳು ಅಲುಗಿ ಮತ್ತೆ ಸೊನ್ನೆಗೇ ಬಂತು. ಆಮೇಲೆ ಪೆನ್ನು ಕೆಳಗಿಳಿಯಿತು: ಆರೂಕಾಲು ಓಮ್. ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಒಬ್ಬರು ಮುಖ ಕೊಟ್ಟು ಕೇಳಿದರೆ ಸಾಕು, ಇರುವುದನ್ನು ಹೇಳಲು ಧೈರ್ಯ ಬರುತ್ತದೆ.

ಹೊರಗಿನಿಂದ ಬಂದ ಪರೀಕ್ಷಕರು ಸಣ್ಣ ಆಳು, ದೊಡ್ಡ ಕನ್ನಡಕ. ಅವಳ ಹಾಳೆ ನೋಡಿದರು, ಪೆಟ್ಟಿಗೆ ನೋಡಿದರು.

“ಏನವಾ, ಪೆಟಗಿ ಮ್ಯಾಲೆ ಐದು ಅಂತ ಬರದಾರ. ನೀ ಆರೂಕಾಲು ಬರದೀದಿ?”

“ಬಂದದ್ದ ಬರದೀನ್ರಿ ಸರ.”

ಹೆಬ್ಬಳ್ಳಿ ಸರ್ ಅವಸರದಿಂದ ಬಂದರು. “ಹುಡುಗಿ ಶ್ಯಾಣ್ಯಾಕಿ ಅದಾಳ್ರೀ. ಆ ಮೀಟರ್ ಹಳೇದು, ಕೆಟ್ಟೈತಿ ಕಾಣಸ್ತೈತಿ.”

“ಮೀಟರ್ ಕೆಟ್ಟಿದ್ರ,” ಪರೀಕ್ಷಕರು ಕನ್ನಡಕ ಮೇಲೆ ಸರಿಸಿದರು, “ನಿನ್ನಿಯಿಂದ ಆರು ಮಂದಿಗೆ ಸರಿಯಾಗಿ ಐದು ಹೆಂಗ ಬಂತ್ರಿ ಹೆಬ್ಬಳ್ಳಿ ಅವರ?”

ಪರೀಕ್ಷಕರು ಕೆಂಪು ಪೆನ್ನು ತೆಗೆದರು. “ಇಲ್ಲಾ ಮೀಟರ್ ತಪ್ಪು, ಇಲ್ಲಾ ಈಕಿ ತಪ್ಪು. ಯಾವುದು ಅಂತ ಗೊತ್ತಾಗದ ನಾ ಮಾರ್ಕ್ಸ್ ಹಾಕಾಂವಲ್ಲ.”

ಹುಚ್ಚೇಶಪ್ಪ ಬಾಗಿಲ ಬಳಿ ನಿಂತಿದ್ದ. ಪೆಟ್ಟಿಗೆಯನ್ನು ನೋಡಿದ, ಹುಡುಗಿಯನ್ನು ನೋಡಿದ. ಒಂದು ಮಾತು ಹೇಳಿದರೆ ಹುಡುಗಿ ಪಾರು, ಕೆಲಸ ಹೋಯಿತು. ಹೇಳದಿದ್ದರೆ ಕೆಲಸ ಉಳಿಯಿತು, ಹುಡುಗಿ ಕುಣಿಗೆ. ಆ ಅರೆಗಳಿಗೆಯಲ್ಲಿ ಅವನ ಮುಖದ ಮೇಲೆ ಹಾದುಹೋದದ್ದನ್ನು ಅಳೆಯುವ ಮೀಟರು ನನಗೆ ತಿಳಿದ ಹಾಗೆ ಯಾವ ಶೆಡ್ಡಿನಲ್ಲೂ ಹುಟ್ಟಿಲ್ಲ.

ಅವನು ಗಾಜಿನ ಬೀರುವಿನತ್ತ ನಡೆದ. ಅಲ್ಲಿಂದ ಇನ್ನೊಂದು ಅಮ್ಮೀಟರ್, ಸೀಲು ಕೂಡ ಒಡೆಯದ ಹೊಸದು, ತೆಗೆದು ತಂದ. ಮುಟ್ಟಬಾರದ ಅಟೆಂಡರು ಎಲ್ಲರ ಎದುರಿಗೆ ನನ್ನ ಒಂದು ತಂತಿ ಬಿಚ್ಚಿದ, ಹೊಸ ಮೀಟರನ್ನು ನನ್ನ ಸಾಲಿನಲ್ಲೇ ಸೇರಿಸಿದ, ತಿರುಪು ಬಿಗಿದ, ವೋಲ್ಟನ್ನು ಎರಡೂವರೆಗೆ ಇಟ್ಟು ಸ್ವಿಚ್ಚು ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ.

ನಾನು: ಸೊನ್ನೆ ಬಿಂದು ನಾಲ್ಕು. ಹೊಸ ಮೀಟರು: ಸೊನ್ನೆ ಬಿಂದು ನಾಲ್ಕು.

“ಓಹೋ,” ಎಂದರು ಪರೀಕ್ಷಕರು, ಹುಚ್ಚೇಶಪ್ಪನನ್ನು ಮೇಲಿಂದ ಕೆಳಗೆ ನೋಡುತ್ತ. “ಮೀಟರೂ ಖರೆ, ಹುಡುಗೀನೂ ಖರೆ. ಹಂಗಾರ ಸುಳ್ಳು ಹೇಳಾಕತ್ತಿದ್ದು ಈ ಪೆಟಗಿ!” ಮುಚ್ಚಳ ತೆಗೆದರು. ಒಳಗೆ ಹೊಳೆಯುವ ತಂತಿ. ಮುಚ್ಚಳವನ್ನು ತಿರುಗಿಸಿ ಕಣ್ಣಿನ ಹತ್ತಿರ ಹಿಡಿದರು. “ಎಂಟು ಗೇಣು! ಹೆಬ್ಬಳ್ಳಿ ಅವರ, ಇಷ್ಟು ವರ್ಷ ಫಿಸಿಕ್ಸ್ ಕಲಸೀನಿ, ಓಮನ್ನ ಗೇಣಿನ್ಯಾಗ ಅಳದದ್ದು ಇವತ್ತ ನೋಡಿದೆ. ಯಾರ ಗೇಣ್ರೀ ಇದು?”

ಹೆಬ್ಬಳ್ಳಿ ಸರ್ ಹುಚ್ಚೇಶಪ್ಪನ ಕೈಗಳನ್ನು ನೋಡಿದರು. ಆಮೇಲೆ ಕಿಟಕಿಯ ಹೊರಗೆ ನೋಡಿದರು. ಅವರು ಒಳ್ಳೆಯ ಮೇಷ್ಟರು ಎಂದು ನಾನು ಆಗಲೇ ಹೇಳಿದ್ದೇನೆ.

“ಸರ,” ಎಂದ ಹುಚ್ಚೇಶಪ್ಪ, “ಚಾ ತರ್ಲೇನ್ರಿ?”

“ತರ್ರಿ. ಸಕ್ಕರಿ ಗೇಣಿನ್ಯಾಗ ಹಾಕಸಬ್ಯಾಡ್ರಿ ಮತ್ತ!”

ಇಡೀ ಲ್ಯಾಬು ನಕ್ಕಿತು. ಶಾಕಾಂಬರಿಗೆ ಮೂವತ್ತಕ್ಕೆ ಮೂವತ್ತು ಬಿತ್ತು. ಐದು ಬರೆದ ಆ ಆರು ಮಂದಿಯನ್ನು ಹುಡುಕಿ ತರಿಸಿದರು. ಇಬ್ಬರು ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದವರು ಎಣ್ಣೆ ಕೈಯಲ್ಲೇ ಓಡಿ ಬಂದರು. ಒಬ್ಬೊಬ್ಬರಾಗಿ ಸಾಲಿನಲ್ಲಿ ನಿಂತು, ನನ್ನ ಗಾಜಿನ ಮೇಲೆ ಬಗ್ಗಿ, ನಾನು ಹೇಳುವುದನ್ನು ಬರೆದುಕೊಂಡರು. ಆ ಮಧ್ಯಾಹ್ನ ನೋಡಿದಷ್ಟು ಮುಖಗಳನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಮುಂದಿನ ವರ್ಷದಿಂದ ಹೆಬ್ಬಳ್ಳಿ ಸರ್ ಹಳೆಯ ರೆಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪೆಟ್ಟಿಗೆಯ ನೆತ್ತಿಯ ‘೫ ಓಮ್’ ಅಳಿಸಿ, ‘ನೀವೇ ಕಂಡುಹಿಡಿಯಿರಿ’ ಎಂದು ಬರೆಸಿದರು. ಬರೆದವನು ಹುಚ್ಚೇಶಪ್ಪ.

ವರ್ಷಗಳು ಹೋದವು. ಅಂಕಿಯೇ ಮೂಡುವ ಹೊಸ ಮೀಟರುಗಳು ಬಂದವು. ಅವಕ್ಕೆ ಮುಳ್ಳಿಲ್ಲ, ಗೆಣ್ಣಿನಿಂದ ಬಡಿದು ಆರಾಮ ಕೇಳುವ ಹಾಗಿಲ್ಲ. ನನ್ನನ್ನೂ ಆ ಪೆಟ್ಟಿಗೆಯನ್ನೂ ಕೆಲಸಕ್ಕೆ ಬಾರದ ಸಾಮಾನಿನ ರಾಶಿಗೆ ಹಾಕಿದರು. ಅದೇ ತಿಂಗಳು ಹುಚ್ಚೇಶಪ್ಪ ನಿವೃತ್ತನಾದ. ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಗೋಡೆ ಗಡಿಯಾರ ಕೊಡುವುದು ಅಲ್ಲಿಯ ಪದ್ಧತಿ.

“ಗಡಿಯಾರ ಬ್ಯಾಡ್ರಿ ಸಾಹೇಬ್ರ,” ಎಂದನಂತೆ ಅವನು ಪ್ರಾಂಶುಪಾಲರಿಗೆ. “ಮನ್ಯಾಗ ಕೋಳಿ ಐತಿ. ಆ ರಾಶಿಯೊಳಗಿಂದ ಒಂದು ಮೀಟರ್, ಒಂದು ಪೆಟಗಿ ಕೊಡ್ರಿ, ಸಾಕು.”

ಹೀಗೆ ನಾನು ಅವನ ಮನೆಯ ಗೋಡೆಯ ಗೂಡು ಸೇರಿದೆ. ಅವನು ಬೆಳಿಗ್ಗೆ ಬಡಿಯುತ್ತಿದ್ದ: “ಏನಪಾ, ಆರಾಮ?” ನಾನು ಸೊನ್ನೆಗೆ ಬರುತ್ತಿದ್ದೆ.

ಒಂದು ದಿನ ಶಾಕಾಂಬರಿ ಬಂದಳು. ಈಗ ಅವಳು ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮಗ್ಗದ ಮನೆಯ ದೀಪಕ್ಕೆಂದು ಮಾಳಿಗೆಯ ಮೇಲೆ ಐವತ್ತು ವಾಟಿನ ಸೋಲಾರ್ ಫಲಕ ಹಾಕಿಸಿದ್ದಳು. ಮೂರು ತಿಂಗಳಿಗೇ ದೀಪ ಮಂಕಾಗಿತ್ತು.

“ಕಾಕಾ, ಶಾಲೀಯಿಂದ ವೋಲ್ಟ್‌ಮೀಟರ್ ತಂದೀನಿ. ನಿಮ್ಮ ಗೆಳ್ಯಾನ್ನ ಕರಕೊಂಡು ಬರ್ರಿ. ಅಂಗಡ್ಯಾಂವ ಮೋಸ ಮಾಡ್ಯಾನೋ ಏನೋ ನೋಡೂಣು.”

ನನ್ನನ್ನು ವಲ್ಲಿಯಲ್ಲಿ ಸುತ್ತಿಕೊಂಡು, ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹುಚ್ಚೇಶಪ್ಪ ಹೊರಟ. ಮಾಳಿಗೆಯ ಮೇಲೆ ಉರಿಬಿಸಿಲು. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಫಲಕಕ್ಕೆ ಆ ಪೆಟ್ಟಿಗೆಯ ತಂತಿಯನ್ನೂ ನನ್ನನ್ನೂ ಜೋಡಿಸಿದರು. ನಾನು ಎರಡು ಆಂಪಿಯರ್ ಎಂದೆ. ವೋಲ್ಟ್‌ಮೀಟರ್ ಹನ್ನೆರಡೂವರೆ ಎಂದಿತು.

“ಗುಣಿಸಿದ್ರ ಇಪ್ಪತ್ತೈದು ವಾಟ್,” ಎಂದಳು ಶಾಕಾಂಬರಿ.

“ಅರ್ಧಾ ನುಂಗ್ಯಾನ!” ಎಂದು ಏಣಿಯ ಮೇಲಿನಿಂದ ಕೂಗಿದಳು ಅವಳ ತಾಯಿ ಗಂಗವ್ವ. “ಅವನ ಅಂಗಡಿ ಮುಂದ ಹೋಗಿ ಕುಂದರ್ತೀನಿ ನಾನು!”

ಹುಚ್ಚೇಶಪ್ಪ ಫಲಕದ ಮೇಲೆ ಬೆರಳೆಳೆದ. ಬೆರಳಿಗೆ ಬೆಳ್ಳಗೆ ಹತ್ತಿತು. ಗಿರಣಿಯ ಹಿಟ್ಟು, ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ, ಪದರಾಗಿ ಕೂತಿತ್ತು. ಅವನು ವಲ್ಲಿಯನ್ನು ಕೊಡದ ನೀರಿನಲ್ಲಿ ಅದ್ದಿ ಒರೆಸತೊಡಗಿದ. ವರ್ಷಗಟ್ಟಲೆ ನನ್ನ ಗಾಜು ಒರೆಸಿದ ಅದೇ ಕೈ, ಅದೇ ವರಸೆ. ಒಂದೊಂದು ಎಳೆತಕ್ಕೂ ನನ್ನ ಮುಳ್ಳು ಏರಿತು. ಎರಡು ಬಿಂದು ಎರಡು. ಎರಡು ಬಿಂದು ಐದು. ಒರೆಸಿ ಮುಗಿಸುವಾಗ ಎರಡು ಬಿಂದು ಎಂಟು. ನನ್ನ ಬಾಳಿನಲ್ಲಿ ಸೂರ್ಯನನ್ನು ನೇರವಾಗಿ ಅಳೆದದ್ದು ಅದೇ ಮೊದಲು.

“ಹದಿನೇಳೂವರೆ ವೋಲ್ಟ್! ಎರಡು ಬಿಂದು ಎಂಟರಿಂದ ಗುಣಿಸಿದ್ರ…” ಶಾಕಾಂಬರಿ ಅಂಗೈಯಲ್ಲೇ ಲೆಕ್ಕ ಮಾಡಿದಳು. “ನಲವತ್ತೊಂಬತ್ತು!”

“ಇನ್ನೊಂದು ವಾಟ್ ಎಲ್ಲಿ ಹೋತು?” ಗಂಗವ್ವ ಬಿಡಲಿಲ್ಲ.

“ಅದು ಗಿರಣಿ ಯಲ್ಲಪ್ಪಗ ರೊಟ್ಟಿಗೆ ಹೋತ್ ಬಿಡ್ರಿ ಅಕ್ಕಾರ,” ಎಂದ ಹುಚ್ಚೇಶಪ್ಪ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದಿನಿಂದ ನಾನೂ ಆ ಪೆಟ್ಟಿಗೆಯೂ ಇಲ್ಲಿಯೇ ಇದ್ದೇವೆ, ಶಾಕಾಂಬರಿಯ ಮಗ್ಗದ ಮನೆಯ ಗೂಡಿನಲ್ಲಿ. ಗಾಜಿನಲ್ಲಿ ಒಂದು ಬಿರುಕು ಬಿದ್ದಿದೆ. ಮುಳ್ಳು ಸೊನ್ನೆಗೆ ಬರಲು ಈಗ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಬರುತ್ತದೆ. ಅವಳ ಶಾಲೆಯ ಮಕ್ಕಳು ಬಂದು ನನ್ನ ಮುಖ ನೋಡಿ ಬರೆದುಕೊಳ್ಳುತ್ತಾರೆ. ಸೆಲಿನಮ್ಮ ಕಂಡರೆ ಏನನ್ನುತ್ತಿದ್ದರೋ ಎಂದು ಯೋಚಿಸುತ್ತೇನೆ. ವಾರಕ್ಕೊಮ್ಮೆ ಹುಚ್ಚೇಶಪ್ಪ ಬಂದು, ಮಾಳಿಗೆ ಹತ್ತಿ, ಫಲಕ ಒರೆಸಿ, ಇಳಿದು, ಚಹಾ ಕುಡಿಯುತ್ತಾನೆ.

ಹೋದ ವಾರ ಪೆಟ್ಟಿಗೆಯ ಒಳಗೆ ತಂತಿಯ ತುದಿ ಸಡಿಲಾಗಿತ್ತು. ಶಾಕಾಂಬರಿ ಮುಚ್ಚಳ ತೆಗೆದು ತಂತಿಯನ್ನು ಪೂರ್ತಿ ಬಿಚ್ಚಿ ಮಗ್ಗದ ಹಲಗೆಯ ಮೇಲೆ ಹಾಸಿದಳು. ಸುಮ್ಮನೆ ಗೇಣು ಹಾಕಿ ನೋಡಿದಳು. ಒಂಬತ್ತಾಯಿತು. ಮುಚ್ಚಳದ ಒಳಗಿನ ಮಾಸಿದ ಪೆನ್ಸಿಲ್ ಬರಹವನ್ನು ಮತ್ತೊಮ್ಮೆ ಓದಿದಳು. ಚಹಾ ಕುಡಿಯುತ್ತಿದ್ದವನ ಕಡೆ ತಿರುಗಿದಳು.

“ಕಾಕಾ, ಒಂಚೂರು ಕೈ ಚಾಚ್ರಿ.”

ಅವನು ಬಟ್ಟಲು ಕೆಳಗಿಟ್ಟು ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದು ತಂತಿಯ ಉದ್ದಕ್ಕೂ ನಡೆಸಿದಳು. ಒಂದು, ಎರಡು, ಮೂರು… ಎಂಟನೆಯ ಗೇಣಿಗೆ ತಂತಿ ಸರಿಯಾಗಿ ಮುಗಿಯಿತು.

ಶಾಕಾಂಬರಿ ಅವನ ಮುಖ ನೋಡಿ ನಕ್ಕಳು. ತಂತಿಯನ್ನು ಮತ್ತೆ ಅವನ ಕೈಗೇ ಕೊಟ್ಟಳು, ಸುತ್ತಲಿಕ್ಕೆ. ಹುಚ್ಚೇಶಪ್ಪ ತಲೆ ತಗ್ಗಿಸಿ, ಒಂದಕ್ಕೊಂದು ತಾಗದಂತೆ, ನಿಧಾನವಾಗಿ ಸುತ್ತಿದ. ಸುತ್ತುತ್ತ ಎರಡು ಸಲ ಬಾಯಿ ತೆರೆದ. ಒಂದು ಸಲ ಚಹಾಕ್ಕೆ ಶುಂಠಿ ಚಲೋ ಬಿದ್ದೈತಿ ಎಂದ. ಇನ್ನೊಂದು ಸಲ ಏನೂ ಅನ್ನಲಿಲ್ಲ.

ಆ ಪೆಟ್ಟಿಗೆ ಸುಟ್ಟವನೂ, ಆ ತಂತಿ ಸುತ್ತಿದವನೂ ತಾನೇ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.